ಅವಸರಪ್ಪನ ಟೋಪಿ ನಿಧಾನಪ್ಪನ ತಲೆಗೆ

"ಈ ಮನೇಲಿ ಸೂಜಿ ದೊಡ್ಡದೋ ಪಂಪು ದೊಡ್ಡದೋ, ಏಳೇ ದಿನದಲ್ಲಿ ತೋರಿಸಿಕೊಡ್ತೀನಿ" ಎಂದು ಡ್ರೈವಿಂಗ್ ಮೇಷ್ಟ್ರು ಒಂದು ಭಾನುವಾರ ಬೆಳಿಗ್ಗೆ, ಅಂಗಿ ಎತ್ತಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ಘೋಷಿಸಿದರು.

ಘೋಷಣೆ ಯಾರ ಕಿವಿಗೆ ಬೀಳಬೇಕಿತ್ತೋ ಆ ಅತ್ತೆ ಎದುರು ಕುರ್ಚಿಯಲ್ಲಿ ಪದಬಂಧ ತುಂಬಿಸುತ್ತಿದ್ದರು. ಅವರು ತಲೆ ಎತ್ತಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪುಟ್ಟ ಯಂತ್ರದ ಎರಡು ಗುಂಡಿ ಒತ್ತಿ, ಬ್ರೆಡ್ಡಿಗೆ ಕೈ ಹಾಕಿದರು. ಅಷ್ಟೇ. ಅಳಿಯ ಅಂಗಿ ಎತ್ತಿ, ಸೂಜಿ ತಿರುಗಿಸಿ, ಚುಚ್ಚಿ, ಹತ್ತು ಎಣಿಸಿ, ಅಂಗಿ ಇಳಿಸುವಷ್ಟರಲ್ಲಿ ಅತ್ತೆಯ ಎರಡನೇ ಬ್ರೆಡ್ಡು ಅರ್ಧ ಮುಗಿದಿತ್ತು.

"ಪಂಪು ಇರಬೇಕಾದ್ದು ಸೈಕಲ್ಲಿಗೆ, ಹೊಟ್ಟೆಗಲ್ಲ" ಎಂದು ಮೇಷ್ಟ್ರು ಇನ್ನೊಂದು ಬಾಣ ಬಿಟ್ಟರು.

"ಐದಕ್ಷರ, 'ಹೊಟ್ಟೆಕಿಚ್ಚು' ಅನ್ನೋ ಅರ್ಥ ಬರಬೇಕು" ಎಂದರು ಅತ್ತೆ, ಪದಬಂಧ ನೋಡುತ್ತಾ. ಅದು ನಿಜವಾಗಿ ಪದಬಂಧದಲ್ಲಿತ್ತೋ ಇಲ್ಲವೋ ಎಂದು ಮೇಷ್ಟ್ರಿಗೆ ಇವತ್ತಿಗೂ ಅನುಮಾನ.

ಮೇಷ್ಟ್ರ ಮೈ ತನಗೆ ಬೇಕಾದ ಇನ್ಸುಲಿನ್ ತಯಾರಿಸುವುದನ್ನು ಹೇಳದೆ ಕೇಳದೆ ನಿಲ್ಲಿಸಿದ್ದು ಅವರ ಹನ್ನೆರಡನೇ ವಯಸ್ಸಿನಲ್ಲಿ. ಒಂದನೇ ಬಗೆಯ ಸಕ್ಕರೆ ಕಾಯಿಲೆ. ಅಂದಿನಿಂದ ದಿನಕ್ಕೆ ನಾಲ್ಕು ಸೂಜಿ, ಮೂವತ್ತೊಂದು ವರ್ಷ. ಅವರ ಹತ್ತಿರ ಎರಡು ಇನ್ಸುಲಿನ್ ಪೆನ್ನುಗಳಿದ್ದವು. ನೀಲಿ ಟೋಪಿಯದು ದಿನವಿಡೀ ಸಾವಕಾಶವಾಗಿ ಕೆಲಸ ಮಾಡುವ ಇನ್ಸುಲಿನ್. ಅದಕ್ಕೆ ಅವರು ನಿಧಾನಪ್ಪ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಒಂದೇ ಸಲ, ಇಪ್ಪತ್ತೆರಡು ಯೂನಿಟ್ಟು. ಕೇಸರಿ ಟೋಪಿಯದು ಊಟದ ಮುಂಚೆ ಹಾಕಿಕೊಳ್ಳುವಂಥದು, ಹೋದ ತಕ್ಷಣ ಸಕ್ಕರೆಯ ಮೇಲೆ ಎರಗುವಂಥದು. ಅದು ಅವಸರಪ್ಪ. ಹೊತ್ತಿಗೆ ಆರು ಯೂನಿಟ್ಟು. ಈ ಇಬ್ಬರು ಅಣ್ಣತಮ್ಮಂದಿರನ್ನು ಕಣ್ಣು ಮುಚ್ಚಿ ಆಳುತ್ತೇನೆ ಎಂಬುದು ಮೇಷ್ಟ್ರ ಹೆಮ್ಮೆ.

ಅತ್ತೆಗೆ ಅದೇ ಕಾಯಿಲೆ ಬಂದದ್ದು ಅರವತ್ತೊಂದರಲ್ಲಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾಗಿ, ಮಗಳ ಮನೆಗೆ ಬಂದು ನೆಲೆಸಿದ ವರ್ಷವೇ. "ಇದು ಚಿಕ್ಕ ಮಕ್ಕಳಿಗೆ ಬರೋದಲ್ವಾ?" ಎಂದು ಅವರು ಕೇಳಿದಾಗ ಡಾಕ್ಟರು "ಇದಕ್ಕೆ ವಯಸ್ಸಿನ ಹಂಗಿಲ್ಲಮ್ಮಾ" ಎಂದಿದ್ದರು. ಸೂಜಿ ಕಂಡರೆ ಅತ್ತೆಗೆ ಜೀವ ಬಾಯಿಗೆ ಬರುತ್ತಿತ್ತು. ವೈರು ಕಂಡರೆ ಮಾತ್ರ ತವರುಮನೆ ಕಂಡಷ್ಟು ಸಂತೋಷ. ಹಾಗಾಗಿ ನಾಲ್ಕು ತಿಂಗಳ ಹಿಂದೆ ಡಾಕ್ಟರು ಪಂಪಿನ ಮಾತೆತ್ತಿದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡರು. ಹೊಟ್ಟೆಗೆ ಅಂಟಿಸಿದ ಪಟ್ಟಿಯೊಳಗೆ ಕೂದಲೆಳೆಯಂಥ ನಳಿಕೆ, ಅಲ್ಲಿಂದ ಸೊಂಟದ ಯಂತ್ರಕ್ಕೆ ಒಂದು ಸಣ್ಣ ಟ್ಯೂಬು. ತೋಳಿನ ಮೇಲೆ ಒಂದು ಸೆನ್ಸರು. ಅದು ಐದೈದು ನಿಮಿಷಕ್ಕೊಮ್ಮೆ ಸಕ್ಕರೆ ಎಷ್ಟೆಂದು ಯಂತ್ರಕ್ಕೆ ಚಾಡಿ ಹೇಳುತ್ತದೆ, ಯಂತ್ರ ಅದಕ್ಕೆ ತಕ್ಕಂತೆ ಇನ್ಸುಲಿನ್ ಹನಿಸುತ್ತದೆ.

ಮನೆಗೆ ಬಂದವರೆಲ್ಲ ಅತ್ತೆಯ ಸುತ್ತ ಕೂತು "ತೋರಿಸಿ, ತೋರಿಸಿ" ಎನ್ನತೊಡಗಿದರು. ಮೂವತ್ತೊಂದು ವರ್ಷದ ಸೀನಿಯರ್ ಮೂಲೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತಿರುತ್ತಿದ್ದರು. ಯಾರೂ ಒಂದು ಮಾತಿಗಾದರೂ ಅವರ ಹೊಟ್ಟೆ ನೋಡಲು ಬಯಸಲಿಲ್ಲ.

ಅದಿರಲಿ, ಹೊಟ್ಟೆಕಿಚ್ಚಿನ ಕೆಳಗೆ ಒಂದು ಹೆದರಿಕೆಯೂ ಇತ್ತು. ಮುಂಚೆ ಸಕ್ಕರೆ ಇಳಿದರೆ ಮೇಷ್ಟ್ರ ಕೈ ನಡುಗುತ್ತಿತ್ತು, ಬೆವರು ಬರುತ್ತಿತ್ತು, ಅವರು ಜೇಬಿನ ಗ್ಲೂಕೋಸ್ ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಈಚೆಗೆ ಆ ಸೂಚನೆಗಳು ನಿಂತುಹೋಗಿದ್ದವು. ಹೋದ ವರ್ಷ ಒಂದು ಸಲ ಶೆಡ್ಡಿನಲ್ಲಿ ನಿಲ್ಲಿಸಿದ ಕಾರೊಳಗೆ ಇಪ್ಪತ್ತು ನಿಮಿಷ ಸ್ಟೀರಿಂಗ್ ತಿರುಗಿಸುತ್ತಾ ಕೂತಿದ್ದರು. ಹೆಂಡತಿ ಬಂದು ಬಾಗಿಲು ತಟ್ಟಿದಾಗ "ಟ್ರಾಫಿಕ್ಕು" ಎಂದಿದ್ದರಂತೆ. ಡಾಕ್ಟರು ನೇರವಾಗಿಯೇ ಹೇಳಿದ್ದರು: "ನಿಮಗೆ ಸೆನ್ಸರ್ ಇರೋ ಪಂಪು ಒಳ್ಳೇದು. ಸಕ್ಕರೆ ಇಳೀತಿದ್ರೆ ಅದೇ ನಿಲ್ಲಿಸುತ್ತೆ, ಕೂಗಿ ಹೇಳುತ್ತೆ. ಇಲ್ಲಾಂದ್ರೆ ಇನ್ನೊಂದು ಸಲ ಹೀಗಾದ್ರೆ ನಿಮ್ಮ ಗಾಡಿ ಕಲಿಸೋ ಲೈಸೆನ್ಸಿಗೆ ನಾನು ಸಹಿ ಹಾಕೋಕಾಗಲ್ಲ."

ಅತ್ತೆಯ ಬಳಿ ಇರುವ ವಸ್ತುವನ್ನೇ ಅಳಿಯನೂ ಕಟ್ಟಿಕೊಂಡು ಓಡಾಡುವುದೇ? ಅದಕ್ಕಾಗಿಯೇ ಈ ಏಳು ದಿನದ ಪಂದ್ಯ. ಇಬ್ಬರ ಸಕ್ಕರೆಯ ಅಂಕಿಗಳನ್ನೂ ಬರೆಯುವ ಹೊಣೆ ಹೆಂಡತಿಯದು. ಅವಳು ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿ. ಯಾರ ಮಾತಿಗೂ ಒಂದಕ್ಷರ ಸೇರಿಸುವವಳಲ್ಲ, ಒಂದಕ್ಷರ ಬಿಡುವವಳೂ ಅಲ್ಲ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಎರಡು ಅಂಕಣ ಎಳೆದಳು. ಒಂದರ ತಲೆಯ ಮೇಲೆ 'ಅಮ್ಮ' ಎಂದು, ಇನ್ನೊಂದರ ಮೇಲೆ 'ಇವರು' ಎಂದು ಬರೆದಳು.

ಮೊದಲ ನಾಲ್ಕು ದಿನ ಯುದ್ಧ ಸಮಬಲದ್ದಾಗಿತ್ತು ಎಂದು ಮೇಷ್ಟ್ರು ಹೇಳಿಕೊಳ್ಳುತ್ತಾರೆ. ಹಾಳೆ ಹಾಗೆ ಹೇಳುವುದಿಲ್ಲ. ಅತ್ತೆಯ ಅಂಕಿಗಳು ಸಾಲಾಗಿ ನಿಂತ ಶಾಲೆಯ ಮಕ್ಕಳಂತಿದ್ದವು. ಮೇಷ್ಟ್ರವು ಬೆಲ್ಲು ಹೊಡೆದ ಮೇಲಿನ ಮಕ್ಕಳಂತಿದ್ದವು. ಆದರೆ ಪಂಪಿಗೂ ಅದರದೇ ಕಾಟವಿತ್ತು. ಅದು ಕೂಗುತ್ತಿತ್ತು. ಬ್ಯಾಟರಿ ಕಡಿಮೆ ಎಂದು ಕೂಗು, ಟ್ಯೂಬು ಮಡಿಚಿದೆ ಎಂದು ಕೂಗು, ಮೇಷ್ಟ್ರು ವಾರ್ತೆ ಕೇಳಲು ಕೂತರೆ ಸುಮ್ಮನೆ ನೆನಪಾಯಿತು ಎಂಬಂತೆ ಒಂದು ಕೂಗು.

"ನನ್ನ ಸೂಜಿ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ" ಎಂದರು ಮೇಷ್ಟ್ರು.

"ಅದಕ್ಕೇ ಶೆಡ್ಡಲ್ಲಿ ಟ್ರಾಫಿಕ್ಕು ಸಿಕ್ಕಿತ್ತು" ಎಂದಳು ಹೆಂಡತಿ, ಪೆನ್ಸಿಲ್ ಚೂಪು ಮಾಡುತ್ತಾ.

ಐದನೇ ದಿನ ಬೆಳಿಗ್ಗೆ ಏಳೂವರೆಗೆ ಅದೃಷ್ಟ ಮೇಷ್ಟ್ರ ಕಡೆ ತಿರುಗಿತು. ಅತ್ತೆಯ ಯಂತ್ರ ಬಿಡದೆ ಅರಚತೊಡಗಿತು: ಇನ್ನೂರ ತೊಂಬತ್ತು. ಏನೆಂದು ನೋಡಿದರೆ, ಮುಂಜಾನೆ ಅತ್ತೆ ಅಡುಗೆಮನೆಯಲ್ಲಿ ಚಮಚ ತೆಗೆಯುವಾಗ ಟ್ಯೂಬು ಡ್ರಾಯರಿನ ಹಿಡಿಗೆ ಸಿಕ್ಕಿಕೊಂಡು, ಹೊಟ್ಟೆಯ ಪಟ್ಟಿಯನ್ನೇ ಕಿತ್ತುಹಾಕಿತ್ತು. ಆಗಿನಿಂದ ಇನ್ಸುಲಿನ್ ಅತ್ತೆಯ ಮೈಗೆ ಹೋಗುವ ಬದಲು ಅವರ ಬಟ್ಟೆಗೆ ಹೋಗುತ್ತಿತ್ತು. ಪಂಪಿನಲ್ಲಿರುವುದು ಅವಸರಪ್ಪ ಮಾತ್ರ. ನಿಧಾನಪ್ಪನ ಕಾವಲು ಇಲ್ಲದ್ದರಿಂದ ಹನಿ ನಿಂತರೆ ಒಂದೆರಡು ಗಂಟೆಯಲ್ಲೇ ಸಕ್ಕರೆ ಅಟ್ಟ ಹತ್ತುತ್ತದೆ.

ಮೇಷ್ಟ್ರ ಮುಖ ಅರಳಿತು. ಅವರು ತಮ್ಮ ಎರಡೂ ಪೆನ್ನುಗಳನ್ನು ಊಟದ ಮೇಜಿನ ಮೇಲೆ ಇಟ್ಟು, ಎರಡರ ಟೋಪಿಯನ್ನೂ ತೆಗೆದು, ಎರಡು ಕೈಯಲ್ಲೂ ಹಿಡಿದು ನಿಂತರು.

"ನೋಡಿ ಅತ್ತೆ, ಇದಕ್ಕೆ ಟ್ಯೂಬಿಲ್ಲ. ಡ್ರಾಯರಿಗೆ ಸಿಕ್ಕಲ್ಲ. ಬ್ಯಾಟರಿ ಬೇಡ. ಮನುಷ್ಯ ಒಬ್ಬ ಇದ್ರೆ ಸಾಕು. ನಾನೇ ಒಂದು ಚುಚ್ಚಿಬಿಡ್ಲಾ?"

"ಬೇಡ ಅಳಿಯಂದಿರೇ. ನೀವು ಈ ಖುಷೀಲಿ ಚುಚ್ಚಿದ್ರೆ ಆ ಕಡೆಯಿಂದ ಹೊರಗೆ ಬರುತ್ತೆ."

ಅತ್ತೆ ತಮ್ಮ ಪೆಟ್ಟಿಗೆಯಿಂದ ಹೊಸ ಪಟ್ಟಿ ತೆಗೆದು ತಾವೇ ಅಂಟಿಸಿಕೊಂಡರು. ಅದೇ ಕೊನೆಯದು. ಹೆಚ್ಚಿನವನ್ನು ಕ್ಲಿನಿಕ್ಕಿನಿಂದ ತರಬೇಕಿತ್ತು. "ಒಂಬತ್ತಕ್ಕೆ ನಿಮ್ಮ ಪಾಠ ಅದೇ ರಸ್ತೆಯಲ್ಲಿ ಅಲ್ವಾ? ಹಿಂದೆ ಕೂತ್ಕೊಂಡು ಬರ್ತೀನಿ" ಎಂದರು.

ಗೆದ್ದವನಿಗೆ ಉದಾರಿಯಾಗುವುದು ಸುಲಭ. "ಧಾರಾಳವಾಗಿ ಬನ್ನಿ" ಎಂದ ಮೇಷ್ಟ್ರು, ಟೋಪಿಗಳನ್ನು ಪೆನ್ನುಗಳಿಗೆ ಹಾಕಿ, ಕೈ ತೊಳೆದು ಬಂದು, ತಿಂಡಿಗೆ ಕೂತರು. ನೀಲಿ ಟೋಪಿ ಕಿತ್ತು ಇಪ್ಪತ್ತೆರಡು ಚುಚ್ಚಿಕೊಂಡರು. ಕೇಸರಿ ಟೋಪಿ ಕಿತ್ತು ಆರು ಚುಚ್ಚಿಕೊಂಡರು. ಕಣ್ಣು ಹಾಳೆಯ ಮೇಲೆ, 'ಅಮ್ಮ' ಅಂಕಣದ ಇನ್ನೂರ ತೊಂಬತ್ತರ ಮೇಲೆ ಇತ್ತು. ಪೆನ್ನಿನ ಮೈಮೇಲಿನ ಹೆಸರನ್ನು ಓದುವುದು ಹೊಸಬರ ಕೆಲಸ.

ಒಂಬತ್ತಕ್ಕೆ ವಿದ್ಯಾರ್ಥಿನಿ ಬಂದರು. ಅವರು ದಂತವೈದ್ಯೆ, ಊರಿನ ಅರ್ಧ ಜನರ ಬಾಯಿ ತೆಗೆಸಿದವರು. ಆದರೆ ಮೇಷ್ಟ್ರ ಪಕ್ಕ ಕೂತರೆ ಅವರ ಬಾಯಿಯೇ ಕಟ್ಟಿಹೋಗುತ್ತಿತ್ತು. ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದರು. ಮೇಷ್ಟ್ರ ಪಾಠ ಎಂದರೆ ಒಂದು ಗಂಟೆ ನಿಲ್ಲದ ಬೈಗುಳ. ಅವರ ಕಾಲ ಕೆಳಗೂ ಒಂದು ಬ್ರೇಕ್ ಇತ್ತು, ಅದನ್ನು ಒತ್ತಿದಾಗಲೆಲ್ಲ ಅವರ ಬಾಯಿಂದ ಒಂದು ಮಾತು ಹಾರುತ್ತಿತ್ತು.

"ಕ್ಲಚ್ಚು. ಕ್ಲಚ್ಚು ಅಂದೆ. ಅದು ಹಲ್ಲಲ್ಲ ಮೇಡಂ, ಹಾಗೆ ಕೀಳಬೇಡಿ."

ಹಿಂದಿನ ಸೀಟಿನಲ್ಲಿ ಅತ್ತೆಯ ಪಂಪು ಒಮ್ಮೆ ಕೂಗಿತು. ತಾನೇನೋ ತಪ್ಪು ಮಾಡಿದೆ ಎಂದುಕೊಂಡ ದಂತವೈದ್ಯೆ ಗಕ್ಕನೆ ಬ್ರೇಕ್ ಹಾಕಿದರು. ಮೂವರೂ ಮುಂದಕ್ಕೆ ವಾಲಿ ಹಿಂದಕ್ಕೆ ಬಂದರು.

"ಅದು ನನ್ನ ಸಕ್ಕರೆ ಇಳೀತಾ ಇದೆ ಅಂತ ಹೇಳ್ತು, ನೀವು ಹೋಗಿ" ಎಂದರು ಅತ್ತೆ.

ಕಾಲು ಗಂಟೆ ಕಳೆಯಿತು. ದಂತವೈದ್ಯೆ ತಿರುವಿನಲ್ಲಿ ಕಾರನ್ನು ಫುಟ್‌ಪಾತಿನ ಅಂಚಿಗೆ ಉಜ್ಜಿದರು. ಬೈಗುಳಕ್ಕಾಗಿ ಹೆಗಲು ಕುಗ್ಗಿಸಿ ಕಾದರು. ಬೈಗುಳ ಬರಲಿಲ್ಲ.

"ಚೆನ್ನಾಗಿ ತಿರುಗಿಸಿದ್ರಿ" ಎಂದರು ಮೇಷ್ಟ್ರು, ಮೃದುವಾಗಿ.

ದಂತವೈದ್ಯೆ ಗಾಬರಿಯಾಗಿ ಕನ್ನಡಿಯಲ್ಲಿ ಅತ್ತೆಯನ್ನು ನೋಡಿದರು.

"ನಿಮ್ಮ ಕೈ ಎಷ್ಟು ಹದವಾಗಿದೆ. ಸ್ಟೀರಿಂಗಿಗೇ ಖುಷಿಯಾಗಿರುತ್ತೆ" ಎಂದು ಮೇಷ್ಟ್ರು ಮುಂದುವರಿಸಿದರು. ಕಿಟಕಿಯಾಚೆ ನೋಡುತ್ತಾ ಮುಗುಳ್ನಗುತ್ತಿದ್ದರು. "ಇವತ್ತು ದಾರಿ ಕೂಡ ತುಂಬ ಒಳ್ಳೇದಾಗಿದೆ."

"ಗಾಡಿ ಪಕ್ಕಕ್ಕೆ ಹಾಕಮ್ಮಾ" ಎಂದರು ಅತ್ತೆ. ಧ್ವನಿ ಏರಲಿಲ್ಲ. "ಮದುವೆಯಾಗಿ ಹದಿನಾರು ವರ್ಷ, ಈ ಮನುಷ್ಯ ಯಾರನ್ನೂ ಹೊಗಳಿದ್ದು ನಾನು ಕೇಳಿಲ್ಲ. ಸಕ್ಕರೆ ಇಳಿದುಹೋಗಿದೆ."

ದಂತವೈದ್ಯೆ ಜೀವಮಾನದಲ್ಲೇ ಮೊದಲ ಸಲ ಕಾರನ್ನು ರಸ್ತೆಯ ಪಕ್ಕಕ್ಕೆ ಗೆರೆ ಎಳೆದಂತೆ ನಿಲ್ಲಿಸಿದರು. ಅದನ್ನು ನೋಡಬೇಕಾದವರು ಆಗ ನೋಡುವ ಸ್ಥಿತಿಯಲ್ಲಿರಲಿಲ್ಲ. ಅತ್ತೆ ಸಕ್ಕರೆ ಅಳೆಯುವ ಮೀಟರು ತೆಗೆದು, ಅಳಿಯನ ಬೆರಳು ಎಳೆದು ಚುಚ್ಚಿ ನೋಡಿದರು. ಐವತ್ತೆರಡು. ಕೂಡಲೇ ತಮ್ಮ ಚೀಲದಿಂದ ಹಣ್ಣಿನ ರಸದ ಪೊಟ್ಟಣ ತೆಗೆದು ಅವರ ಬಾಯಿಗಿಟ್ಟರು. "ಬೇಡ ಅತ್ತೆ, ನೀವು ಕುಡೀರಿ, ನೀವು ತುಂಬ ಒಳ್ಳೆಯವರು" ಎಂದು ಮೇಷ್ಟ್ರು ತಲೆ ಆ ಕಡೆ ತಿರುಗಿಸಿದರು. ಅತ್ತೆ ಅವರ ಗಲ್ಲ ಹಿಡಿದು ಈ ಕಡೆ ತಿರುಗಿಸಿದರು. ಬಾಯಿ ತೆಗೆಸುವ ವಿದ್ಯೆ ಬಲ್ಲವರು ಪಕ್ಕದಲ್ಲೇ ಇದ್ದರು. ಇಬ್ಬರೂ ಸೇರಿ ಪೊಟ್ಟಣ ಖಾಲಿ ಮಾಡಿಸಿದರು.

ಅಷ್ಟರಲ್ಲಿ ಅತ್ತೆಯ ಫೋನು ಬಡಿದುಕೊಂಡಿತು. ಮಗಳು.

"ಅಮ್ಮಾ, ಮೇಜು ಒರೆಸ್ತಿದ್ದೆ. ಇವರ ನೀಲಿ ಟೋಪಿ ಅವಸರಪ್ಪನ ಮೇಲಿದೆ, ಕೇಸರಿ ಟೋಪಿ ನಿಧಾನಪ್ಪನ ಮೇಲಿದೆ. ಇವರು ಟೋಪಿ ನೋಡಿ ಚುಚ್ಚಿಕೊಂಡಿದ್ರೆ..."

ಆರು ಯೂನಿಟ್ಟು ಹೋಗಬೇಕಾದ ಕಡೆ ಅವಸರಪ್ಪ ಇಪ್ಪತ್ತೆರಡು ಯೂನಿಟ್ಟಿನ ಸೈನ್ಯ ಕಟ್ಟಿಕೊಂಡು ನುಗ್ಗಿದ್ದ. ಜನರಿಗೆ ಟೋಪಿ ಹಾಕುವವರನ್ನು ಮೇಷ್ಟ್ರು ಕಂಡಿದ್ದರು. ತಮಗೆ ತಾವೇ ಹಾಕಿಕೊಂಡವರನ್ನು ಅಂದೇ ಕಂಡದ್ದು.

ಅತ್ತೆ ಡಾಕ್ಟರಿಗೆ ಫೋನು ಹಚ್ಚಿದರು. ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಆ ಇನ್ಸುಲಿನ್ನಿನ ಜೋರು ಇಳಿಯಲು ನಾಲ್ಕೈದು ಗಂಟೆ ಬೇಕು, ಅಲ್ಲಿಯವರೆಗೆ ಅವರು ಸಿಹಿ ತಿನ್ನುತ್ತಲೇ ಇರಬೇಕು, ಕಾಲು ಗಂಟೆಗೊಮ್ಮೆ ಚುಚ್ಚಿ ನೋಡಬೇಕು, ಒಂದು ಗಳಿಗೆಯೂ ಒಬ್ಬರೇ ಇರಕೂಡದು, ವಾಂತಿಯಾದರೆ ಅಥವಾ ನುಂಗಲಾಗದಿದ್ದರೆ ಆ ಕ್ಷಣವೇ ಆಂಬುಲೆನ್ಸ್ ಕರೆಯಬೇಕು.

ಎದುರಿಗೇ ಒಂದು ಬೇಕರಿ ಇತ್ತು. ಹತ್ತು ಹೆಜ್ಜೆ. ಒಂದು ಕಡೆ ಅತ್ತೆ, ಇನ್ನೊಂದು ಕಡೆ ದಂತವೈದ್ಯೆ, ನಡುವೆ ಮೇಷ್ಟ್ರು. ಗಾಜಿನ ಕಪಾಟಿನ ಪಕ್ಕದ ಮೇಜಿನಲ್ಲಿ ಕೂರಿಸಿದರು. ಮೊದಲ ಬನ್ನು ಜಾಮಿನ ಜೊತೆ ಹೋಯಿತು. ಐವತ್ತೆಂಟು. ಎರಡನೆಯದು ಹೋಯಿತು. ಎಪ್ಪತ್ತು. ಮೇಷ್ಟ್ರಿಗೆ ಪ್ರಜ್ಞೆ ಮರಳಿತು, ಮರಳುತ್ತಿದ್ದಂತೆ ಸ್ವಭಾವವೂ ಮರಳಿತು.

"ಗಾಡಿ ಯಾರು ಇಲ್ಲಿ ನಿಲ್ಲಿಸಿದ್ದು? ಹ್ಯಾಂಡ್‌ಬ್ರೇಕ್ ಹಾಕಿದ್ದೀರಾ?"

"ಹಾಕಿದ್ದೀನಿ ಮೇಷ್ಟ್ರೇ" ಎಂದರು ದಂತವೈದ್ಯೆ. ಅವರ ಕಣ್ಣಲ್ಲಿ ನೀರಾಡಿತು. ಬೈಗುಳ ಕೇಳಿ ಯಾರಾದರೂ ಅಷ್ಟು ಸಂತೋಷಪಟ್ಟದ್ದನ್ನು ಅತ್ತೆ ನೋಡಿರಲಿಲ್ಲ.

ಹೆಂಡತಿ ಟ್ಯಾಕ್ಸಿಯಲ್ಲಿ ಬಂದಳು. ಪಕ್ಕದಲ್ಲಿ ಕೂತು ಗಂಡನ ಮಣಿಕಟ್ಟು ಹಿಡಿದುಕೊಂಡಳು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಚೀಲದಿಂದ ನೋಟ್‌ಬುಕ್ಕು ತೆಗೆದು ಹೊತ್ತು, ಅಂಕಿ, ತಿಂದದ್ದು ಮೂರನ್ನೂ ಬರೆಯತೊಡಗಿದಳು. ಅವಳ ಅಕ್ಷರ ಎಂದೂ ಸೊಟ್ಟಗಾಗುವುದಿಲ್ಲ. ಅವತ್ತು ಮೊದಲ ಎರಡು ಸಾಲು ಸೊಟ್ಟಗಿದ್ದವು. ಮೇಷ್ಟ್ರು ಅದನ್ನು ನೋಡಿದರು, ನೋಡಿ ಮೂರನೇ ಬನ್ನನ್ನು ತಾವಾಗಿಯೇ ಎತ್ತಿಕೊಂಡರು.

ಮೂವತ್ತೊಂದು ವರ್ಷ ಸಿಹಿಯನ್ನು ಗಾಜಿನ ಆಚೆಯಿಂದಲೇ ಅಳೆದು ತೂಗಿ ನೋಡಿದ ಮನುಷ್ಯ. ಕೇಕಿನ ಚೂರು ಎಂದರೆ ಲೆಕ್ಕ, ಬಿಸ್ಕತ್ತು ಎಂದರೆ ಲೆಕ್ಕ. ಇವತ್ತು ಎದುರಿಗೆ ತಟ್ಟೆ ತುಂಬ ಬಂದು ಬೀಳುತ್ತಿದೆ, ಮೂರು ಹೆಂಗಸರು "ತಿನ್ನಿ" ಎಂದು ಕಾವಲು ಕೂತಿದ್ದಾರೆ. ಹನ್ನೊಂದರ ಹೊತ್ತಿಗೆ ಮೇಷ್ಟ್ರಿಗೆ ಬನ್ನು ಕಂಡರೆ ಅಳು ಬರುವಂತಾಯಿತು. ಬೇಕರಿಯವನು ಕೌಂಟರಿನಿಂದ ಬಗ್ಗಿ ಕೇಳಿದ, "ಏನಾದ್ರೂ ಸ್ಪರ್ಧೆನಾ ಸಾರ್? ದಾಖಲೆ ಎಷ್ಟಿದೆ?"

"ಎಪ್ಪತ್ತೆರಡು, ಇನ್ನೂ ಸಾಲದು" ಎಂದಳು ಹೆಂಡತಿ, ಸಕ್ಕರೆಯ ಅಂಕಿ ನೋಡಿ. ಬೇಕರಿಯವನು ಬನ್ನಿನ ಲೆಕ್ಕವೆಂದುಕೊಂಡು, ಒಳಗೆ ಹೋಗಿ ಇನ್ನೊಬ್ಬನನ್ನು ಕರೆದು ತೋರಿಸಿದ.

ಬನ್ನು ಸಾಕಾಯಿತೆಂದು ಮೇಷ್ಟ್ರು ಟಾಫಿಗೆ ಕೈ ಹಾಕಿದರು.

"ಅದು ಬೇಡ, ಅಂಟುತ್ತೆ. ನನ್ನ ಮಾತು ಕೇಳಿ" ಎಂದರು ದಂತವೈದ್ಯೆ. ಸಿಹಿ ತಿನ್ನಬೇಡಿ ಎಂದು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹೇಳುತ್ತಾ ಬಂದವರಿಗೆ, ಬೆಳಗಿನಿಂದ ಸ್ವಂತ ಕೈಯಿಂದ ಜಾಮು ಬಳಿದು ತಲೆ ಕೆಟ್ಟಿತ್ತು.

"ಕಾರಲ್ಲಿ ನೀವು ನನ್ನ ಮಾತು ಕೇಳ್ತೀರಾ?" ಎಂದು ಮೇಷ್ಟ್ರು ಟಾಫಿ ಅಗಿದರು. ಎರಡನೇ ಅಗಿತಕ್ಕೆ ಏನೋ ಕಳಚಿತು. ಬಾಯಿಂದ ತೆಗೆದು ನೋಡಿದರೆ ಟಾಫಿಯ ನಡುವೆ, ಉಂಗುರದ ಹರಳಿನಂತೆ, ಅವರ ದವಡೆ ಹಲ್ಲಿನ ಬೆಳ್ಳಿ ಬಣ್ಣದ ಕ್ಯಾಪು ಕೂತಿತ್ತು.

ಅವತ್ತು ಅವರಿಗೆ ಕೈಕೊಟ್ಟ ಎರಡನೇ ಟೋಪಿ ಅದು.

ದಂತವೈದ್ಯೆ ಬೇಕರಿಯ ಟ್ಯೂಬ್‌ಲೈಟಿನ ಕೆಳಗೆ ಕುರ್ಚಿ ಎಳೆದು, ಮೇಷ್ಟ್ರ ತಲೆ ಹಿಂದಕ್ಕೆ ವಾಲಿಸಿ, ಜಾಮಿನ ಚಮಚದ ಹಿಂಬದಿಯಿಂದ ನಾಲಿಗೆ ಒತ್ತಿ ನೋಡಿದರು. ಗಿರಾಕಿಗಳು ಅರ್ಧವರ್ತುಲ ಕಟ್ಟಿ ನಿಂತರು. ಆಚೆಯಿಂದ ಬಂದವರೊಬ್ಬರು ಬಾಗಿಲಲ್ಲೇ ನಿಂತು, ಬ್ರೆಡ್ಡು ತೆಗೆದುಕೊಳ್ಳದೆ ಹಿಂದಿರುಗಿದರು. ಅಲ್ಲಿಂದ ಮುಂದೆ ಅಗಿಯುವಂತಿರಲಿಲ್ಲ. ಸಕ್ಕರೆ ಕದಡಿದ ನೀರನ್ನು ಲೋಟದ ಮೇಲೆ ಲೋಟ ಕುಡಿಸಿದರು. ಒಂದೂವರೆಗೆ ನೂರ ನಲವತ್ತು, ಎರಡಕ್ಕೆ ನೂರ ಐವತ್ತೈದು, ಆಮೇಲೆ ಅಂಕಿ ಇಳಿಯಲಿಲ್ಲ. ಅವಸರಪ್ಪನ ಸೈನ್ಯ ಸುಸ್ತಾಗಿ ಮಲಗಿತ್ತು.

ಸಂಜೆ ಕ್ಲಿನಿಕ್ಕಿನಲ್ಲಿ ಡಾಕ್ಟರು ಪಂದ್ಯದ ಹಾಳೆಯನ್ನೂ ಬೇಕರಿಯ ನೋಟ್‌ಬುಕ್ಕನ್ನೂ ಪೂರ್ತಿ ಓದಿದರು. ಮೇಷ್ಟ್ರು ಬೈಗುಳಕ್ಕೆ ಕಾದು ಕೂತಿದ್ದರು. ತಮ್ಮ ವಿದ್ಯಾರ್ಥಿಗಳು ಹೆಗಲು ಹೇಗೆ ಕುಗ್ಗಿಸುತ್ತಾರೆಂದು ಅವರಿಗೆ ಆಗ ಅರ್ಥವಾಯಿತು.

"ಇದರಲ್ಲಿ ಗೆದ್ದವರು ಸೋತವರು ಅಂತ ಇಲ್ಲ" ಎಂದರು ಡಾಕ್ಟರು. "ಸೂಜಿಯಲ್ಲೇ ಚೆನ್ನಾಗಿರೋರು ನನ್ನ ಹತ್ರ ಎಷ್ಟೋ ಜನ ಇದ್ದಾರೆ. ಯಾವುದು ಯಾರಿಗೆ ಹೊಂದುತ್ತೆ ಅನ್ನೋದಷ್ಟೇ ಪ್ರಶ್ನೆ. ನಿಮಗೆ ಸಕ್ಕರೆ ಇಳಿದದ್ದು ಗೊತ್ತಾಗಲ್ಲ, ಅದಕ್ಕೆ ಕೂಗೋ ಯಂತ್ರ ಬೇಕು. ಅಮ್ಮನಿಗೆ ಯಂತ್ರ ಕೈಕೊಟ್ಟರೆ ಸೂಜಿ ಹಾಕ್ಕೊಳ್ಳೋಕೆ ಬರಲ್ಲ, ಅವರು ಅದನ್ನ ಕಲೀಬೇಕು. ಮೇಷ್ಟ್ರೇ, ನೀವೇ ಹೇಳಿ, ಏನು ಮಾಡೋಣ? ಸದ್ಯಕ್ಕಂತೂ ಎರಡು ತಿಂಗಳು ಗಾಡಿ ಮುಟ್ಟೋ ಹಾಗಿಲ್ಲ."

ಕ್ಯಾಪು ಕಳಚಿದ ಕಡೆಯ ಕೆನ್ನೆ ಊದಿದ್ದರಿಂದ ಮೇಷ್ಟ್ರ ಉತ್ತರ ಯಾರಿಗೂ ತಿಳಿಯಲಿಲ್ಲ. ಹೆಂಡತಿ ಬರೆದುಕೊಂಡು ಓದಿ ಹೇಳಿದಳು: "ಪಂಪು ಹಾಕಿ ಅಂತಿದ್ದಾರೆ."

ಮೂರು ವಾರಕ್ಕೆ ಪಂಪು ಬಂತು. ಅಷ್ಟರಲ್ಲಿ ಅತ್ತೆ ಅಳಿಯನಿಂದ ಸೂಜಿ ಹಾಕಿಕೊಳ್ಳುವುದನ್ನು ಕಲಿತಿದ್ದರು. ಕಣ್ಣು ಮುಚ್ಚಿಕೊಂಡು, ದೇವರನ್ನು ನೆನೆದುಕೊಂಡು, ಒಂದೇ ಮಧ್ಯಾಹ್ನದಲ್ಲಿ ಕಲಿತರು. ಮೇಷ್ಟ್ರು ಕ್ಲಿನಿಕ್ಕಿನ ತರಬೇತಿಯಲ್ಲಿ ಮೂರು ದಿನ "ಗೊತ್ತು, ಗೊತ್ತು" ಎಂದು ತಲೆಯಾಡಿಸಿ ಬಂದಿದ್ದರು.

ಮೊದಲ ಸಲ ಮನೆಯಲ್ಲೇ ಪಟ್ಟಿ ಬದಲಾಯಿಸುವ ದಿನ ಬಂತು. ಪಕ್ಕದ ಕೋಣೆಯಲ್ಲಿ ಅತ್ತೆ ಇದ್ದರು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದೆಂದರೇನು, ಮೂವತ್ತೊಂದು ವರ್ಷದ ಅನುಭವ. ಮೇಷ್ಟ್ರು ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿದರು. ಟ್ಯೂಬಿನೊಳಗೆ ಗಾಳಿಯ ಗುಳ್ಳೆ ಬಂತು. ತಟ್ಟಿದರು, ಗುಳ್ಳೆ ಎರಡಾಯಿತು. ಗುಂಡಿ ಒತ್ತಿದರು, ಇನ್ಸುಲಿನ್ ಚಿಮ್ಮಿ ಕನ್ನಡಕಕ್ಕೆ ಬಿತ್ತು. ಕನ್ನಡಕ ಒರೆಸುವಾಗ ಮೊಣಕೈ ಇನ್ನೊಂದು ಗುಂಡಿಗೆ ತಾಗಿತು. ಯಂತ್ರ ಗುಪ್ತಸಂಖ್ಯೆ ಕೇಳಿತು. ಮೂರು ಸಲ ತಪ್ಪು ಹೇಳಿದರು. ಯಂತ್ರ ಬಾಗಿಲು ಹಾಕಿಕೊಂಡಿತು.

ಪೆಟ್ಟಿಗೆಯ ಮೇಲೆ ಸಹಾಯಕ್ಕೆಂದು ಒಂದು ಫೋನ್ ಸಂಖ್ಯೆ ಇತ್ತು. ಮೇಷ್ಟ್ರು ಧ್ವನಿ ತಗ್ಗಿಸಿ ಅದಕ್ಕೆ ಕರೆ ಮಾಡಿದರು. ಆ ಕಡೆಯ ಹುಡುಗಿ ಬಹಳ ತಾಳ್ಮೆಯವಳು. ಎಡಗಡೆಯ ಗುಂಡಿ ಒತ್ತಿ ಎಂದಳು, ಮೇಷ್ಟ್ರು ಒತ್ತಿದರು, ಪರದೆ ಆರಿತು. ಅದಲ್ಲ ಸರ್, ಅದರ ಕೆಳಗಿನದು ಎಂದಳು, ಪರದೆ ಹೊತ್ತಿಕೊಂಡು ಬೇರೆ ಯಾವುದೋ ಭಾಷೆಯಲ್ಲಿ ಮಾತಾಡತೊಡಗಿತು. ಇಪ್ಪತ್ತು ನಿಮಿಷವಾಯಿತು.

"ಬೇಜಾರು ಮಾಡ್ಕೋಬೇಡ" ಎಂದಳು ಹುಡುಗಿ, ಬಹಳ ಮೆತ್ತಗೆ. "ಮನೇಲಿ ಯಾರಾದ್ರೂ ದೊಡ್ಡೋರಿದ್ದಾರಾ? ಇದ್ರೆ ಅವರಿಗೆ ಸ್ವಲ್ಪ ಫೋನು ಕೊಡ್ತೀಯಾ ಪುಟ್ಟಾ?"

ಮೇಷ್ಟ್ರು ಫೋನು ಹಿಡಿದು ಎದ್ದು, ಬಾಗಿಲು ತೆರೆದು ಹೊರಗೆ ಬಂದರು.

"ಅತ್ತೆ" ಎಂದರು. "ನಿಮಗೆ ಫೋನು."